ಗಾಳಿ ಹೋಯ್ತು ಅಂತ ಮನೆಗೆ ಹೊರಡಬೇಡಿ: ಕರುಳು ತಿರುಚೋದರ ಬಗ್ಗೆ ದಾವಣಗೆರೆಯಲ್ಲಿ ಆಡಿದ ಮಾತು

(ಆಶಾ ಕಾರ್ಯಕರ್ತೆಯರು, ಹಳ್ಳಿ ಕಡೆಯಿಂದ ಬಂದಿದ್ದ ರೈತರು, ಒಂದಷ್ಟು ನರ್ಸಿಂಗ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾತಾಡಿದ್ದನ್ನ ಬರೆದು ಹಾಕಿ ಅಂತ ಸುಮಾರು ಜನ ಕೇಳಿದ್ರು. ಆದಷ್ಟೂ ಮಾತಾಡಿದ ಹಾಗೇ ಬರೆದಿದೀನಿ. ಅಲ್ಲಿ ಎಕ್ಸ್‌ರೇ ತೋರಿಸಿದ ಕಡೆ ಇಲ್ಲಿ ಮಾತಲ್ಲೇ ವಿವರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ನಾನು ಹೊಟ್ಟೆ ಆಪರೇಷನ್ ಮಾಡೋ ಸರ್ಜನ್. ಇವತ್ತು ಒಂದೇ ಒಂದು ಕಾಯಿಲೆ ಬಗ್ಗೆ ಮಾತಾಡ್ತೀನಿ, ಕರುಳು ತಿರುಚಿಕೊಳ್ಳೋದು, ನಮ್ಮ ಪುಸ್ತಕಗಳಲ್ಲಿ ಇದಕ್ಕೆ ವಾಲ್ವ್ಯುಲಸ್ ಅಂತಾರೆ. ಇದನ್ನೇ ಯಾಕೆ ಆರಿಸ್ಕೊಂಡೆ ಅಂದ್ರೆ ಬೇಗ ಬಂದ್ರೆ ಪೂರ್ತಿ ವಾಸಿಯಾಗೋ ಕಾಯಿಲೆ ಇದು, ತಡವಾದ್ರೆ ಪ್ರಾಣ ತೆಗೆಯೋದೂ ಇದೇ, ಈ ಎರಡರ ಮಧ್ಯೆ ಇರೋ ಅಂತರ ಕೆಲವು ಗಂಟೆಗಳು ಅಷ್ಟೇ, ಆ ಗಂಟೆಗಳು ಬಹಳ ಸಲ ಮನೆಯಲ್ಲೇ ಕಳೆದುಹೋಗ್ತವೆ.

ಮೊದಲು ಒಳಗೆ ಏನಿದೆ ನೋಡೋಣ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಹೊಟ್ಟೆಯ ಬಲಗಡೆ ಕೆಳಗೆ ಶುರುವಾಗಿ ಮೇಲಕ್ಕೆ ಹತ್ತಿ, ಅಡ್ಡಡ್ಡ ದಾಟಿ, ಎಡಗಡೆ ಇಳಿದು, ಗುದದ್ವಾರ ಸೇರೋ ಮುಂಚೆ ಒಂದು ಬಳುಕು ಬಳುಕುತ್ತೆ, ಆ ಬಳುಕಿನ ಭಾಗಕ್ಕೆ ಸಿಗ್ಮಾಯ್ಡ್ ಅಂತ ಹೆಸರು. ಏರೋ ಭಾಗ, ಇಳಿಯೋ ಭಾಗ ಎರಡೂ ಬೆನ್ನಿನ ಕಡೆ ಗೋಡೆಗೆ ಅಂಟಿಕೊಂಡಿರ್ತವೆ, ಅಲ್ಲಾಡಲ್ಲ. ಸಿಗ್ಮಾಯ್ಡ್ ಮಾತ್ರ ಒಂದು ತೆಳು ಪರದೆಗೆ ನೇತುಬಿದ್ದಿರುತ್ತೆ, ಕರುಳಿಗೆ ರಕ್ತ ತರೋ ನಾಳಗಳೂ ಆ ಪರದೆಯೊಳಗೇ ಹಾದು ಬರ್ತವೆ. ಕೆಲವರಲ್ಲಿ ಈ ಬಳುಕು ಬೇಕಾದ್ದಕ್ಕಿಂತ ತುಂಬಾ ಉದ್ದ ಇರುತ್ತೆ, ಆದ್ರೆ ಅದರ ಎರಡೂ ಕಾಲು ಮಾತ್ರ ಬುಡದಲ್ಲಿ ಹತ್ತಿರ ಹತ್ತಿರ. ಮಗು ಮಲಗಿಸೋ ಬಟ್ಟೆ ಜೋಲಿ ನೆನಪಿಸ್ಕೊಳ್ರಿ. ಎರಡೂ ತುದಿ ಸೇರಿಸಿ ಒಂದೇ ಕೊಕ್ಕೆಗೆ ಹಾಕಿದ್ರೆ ಸ್ವಲ್ಪ ತಳ್ಳಿದ್ರೂ ಗಿರ್ರನೆ ಸುತ್ತುತ್ತೆ, ಮೇಲೆ ಕೊಕ್ಕೆ ಹತ್ರ ಬಟ್ಟೆ ಹುರಿಗಟ್ಟುತ್ತೆ. ಕರುಳಿನಲ್ಲಿ ಆಗೋದೂ ಅದೇ.

ಅರ್ಧ ಸುತ್ತು ಸುತ್ತಿದ್ರೆ ದಾರಿ ಕಟ್ಟುತ್ತೆ, ಪೂರ್ತಿ ಒಂದು ಸುತ್ತು ಆದ್ರೆ ರಕ್ತನಾಳಗಳೂ ಹಿಂಡಿಹೋಗ್ತವೆ. ಇಲ್ಲಿ ಒಂದು ವಿಷಯ ಗಮನಿಸಬೇಕು, ಬೇರೆ ಅಡ್ಡಿಗಳಲ್ಲಿ ಕರುಳು ಒಂದು ಕಡೆ ಮುಚ್ಚಿರುತ್ತೆ, ಹಿಂದಕ್ಕಾದ್ರೂ ಒತ್ತಡ ಇಳಿಯೋಕೆ ಜಾಗ ಇರುತ್ತೆ. ತಿರುಚಿದ ಕರುಳಿಗೆ ಎರಡೂ ಬಾಯಿ ಮುಚ್ಚಿರುತ್ತೆ. ಒಳಗಿನ ಬ್ಯಾಕ್ಟೀರಿಯಾ ಗ್ಯಾಸ್ ಮಾಡ್ತಾನೇ ಇರ್ತವೆ, ಅದಕ್ಕೆ ಹೊರಗೆ ಹೋಗೋ ದಾರಿನೇ ಇಲ್ಲ, ಕರುಳು ಊದ್ತಾ ಊದ್ತಾ ಗೋಡೆ ತೆಳ್ಳಗಾಗಿ, ಅಶುದ್ಧ ರಕ್ತ ವಾಪಸ್ ಹೋಗೋದು ಮೊದಲು ನಿಂತು, ಆಮೇಲೆ ಶುದ್ಧ ರಕ್ತ ಬರೋದೂ ನಿಂತು, ಕೊನೆಗೆ ಆ ಭಾಗ ಕೊಳೆಯುತ್ತೆ. ಅದೇ ಗ್ಯಾಂಗ್ರೀನ್.

ಯಾರಿಗೆ ಬರುತ್ತೆ? ಅಮೆರಿಕ, ಇಂಗ್ಲೆಂಡ್ ಕಡೆ ಇದು ಹೆಚ್ಚಾಗಿ ತುಂಬಾ ವಯಸ್ಸಾದವರ ಕಾಯಿಲೆ, ಹಾಸಿಗೆ ಹಿಡಿದವರು, ಹಳೇ ಮಲಬದ್ಧತೆ ಇರೋರು, ಮಾನಸಿಕ ಕಾಯಿಲೆಗೋ ಪಾರ್ಕಿನ್ಸನ್ ಅನ್ನೋ ಕೈ ನಡುಗೋ ನರದ ಕಾಯಿಲೆಗೋ ಮಾತ್ರೆ ನುಂಗೋರು, ಯಾಕಂದ್ರೆ ಆ ಮಾತ್ರೆಗಳಲ್ಲಿ ಕೆಲವು ಕರುಳಿನ ಚಲನೆ ನಿಧಾನ ಮಾಡ್ತವೆ. ನಮ್ಮ ದೇಶ, ಆಫ್ರಿಕಾ, ಮಧ್ಯಪ್ರಾಚ್ಯ, ದಕ್ಷಿಣ ಅಮೆರಿಕ, ಈ ಕಡೆಗಳಲ್ಲಿ ದುಡಿಯೋ ವಯಸ್ಸಿನ ಗಂಡಸರಿಗೂ ಬರುತ್ತೆ. ಬ್ರೆಜಿಲ್‌ನಲ್ಲಿ ಚಾಗಸ್ ಅನ್ನೋ ಸೋಂಕು ಕರುಳಿನ ನರಗಳನ್ನ ಹಾಳು ಮಾಡಿ, ಕರುಳು ಹಿಗ್ಗಿ, ಅದರಿಂದ್ಲೂ ಆಗುತ್ತೆ. ನಾರಿನಂಶ ಜಾಸ್ತಿ ಇರೋ ಊಟಕ್ಕೂ ಉದ್ದ ಸಿಗ್ಮಾಯ್ಡ್‌ಗೂ ನಂಟು ಇದೆ ಅಂತ ಪುಸ್ತಕಗಳಲ್ಲಿ ಬರೆದಿರ್ತಾರೆ. ಇದನ್ನ ಕೇಳಿದ ತಕ್ಷಣ ಸಭೆಯಲ್ಲಿ ಒಬ್ಬ ಹಿರಿಯರು "ಹಂಗಾರೆ ಮುದ್ದೆ, ರೊಟ್ಟಿ ಬಿಡಬೇಕೇನ್ರಿ" ಅಂದ್ರು. ಬಿಡಬೇಡಿ ಯಜಮಾನ್ರೇ. ಮುದ್ದೆ ತಿನ್ನೋ ಲಕ್ಷಾಂತರ ಜನರಲ್ಲಿ ಕೆಲವೇ ಕೆಲವರಿಗೆ ಇದು ಬರುತ್ತೆ, ಅವರಿಗೆ ಬರೋದು ಕರುಳಿನ ಆಕಾರದಿಂದ. ಮುದ್ದೆ, ಜೋಳ, ಸೊಪ್ಪು ಬಿಟ್ಟು ಮೈದಾ ಹಿಡಿದ್ರೆ ಬರೋ ಕಾಯಿಲೆಗಳ ಪಟ್ಟಿ ದೊಡ್ಡದು.

ಈಗ ಲಕ್ಷಣಕ್ಕೆ ಬರೋಣ, ಆಶಾ ಅಕ್ಕಂದಿರು ಇದನ್ನ ಚೆನ್ನಾಗಿ ಕೇಳಿಸ್ಕೊಳ್ಳಿ. ಹೊಟ್ಟೆ ಉಬ್ಬುತ್ತೆ, ಅದೂ ನೋಡ್ತಾ ನೋಡ್ತಾ ಉಬ್ಬುತ್ತೆ, ಪಂಚೆ ಕಟ್ಟೋಕಾಗಲ್ಲ ಅನ್ನೋಷ್ಟು. ಬೆರಳಲ್ಲಿ ತಟ್ಟಿದ್ರೆ ಡಬ್ ಡಬ್ ಅನ್ನುತ್ತೆ. ಸುಮಾರು ಸಲ ಒಂದು ಕಡೆ ಜಾಸ್ತಿ ಎದ್ದಿರುತ್ತೆ. ಹೊಟ್ಟೆ ಹಿಂಡಿ ಹಿಂಡಿ ನೋವು ಬರುತ್ತೆ. ಸಂಡಾಸು ಪೂರ್ತಿ ನಿಂತಿರುತ್ತೆ, ಎಲ್ಲಕ್ಕಿಂತ ಮುಖ್ಯ, ಗಾಳಿನೂ ಹೋಗಲ್ಲ. ನಾಚ್ಕೊಳ್ಳದೆ ಕೇಳಿ, "ಅಜ್ಜ, ಹೂಸು ಹೋಗ್ತಾ ಐತಾ ಇಲ್ವಾ, ಕೊನೇ ಸಲ ಯಾವಾಗ ಹೋಯ್ತು?" ಅಂತ. ಈ ಒಂದು ಪ್ರಶ್ನೆಯಿಂದ ಸಿಗೋ ಮಾಹಿತಿ ಎಷ್ಟೋ ರಕ್ತ ಪರೀಕ್ಷೆಯಲ್ಲಿ ಸಿಗಲ್ಲ. ವಾಂತಿ ದೊಡ್ಡ ಕರುಳಿನ ತಿರುಚಿನಲ್ಲಿ ತಡವಾಗಿ ಬರುತ್ತೆ, ಹಾಗಾಗಿ ವಾಂತಿ ಆಗಿಲ್ಲ ಅಂತ ಸುಮ್ಮನಿರಬೇಡಿ.

ನಮ್ಮ ಕಡೆ ಆಗೋದು ಏನು? ಮೊದಲನೇ ದಿನ ಗ್ಯಾಸ್ಟ್ರಿಕ್ ಅಂತ ಸೋಡಾ, ಅಂಗಡಿ ಮಾತ್ರೆ. ಎರಡನೇ ದಿನ ಹರಳೆಣ್ಣೆ. ಆಮೇಲೆ ಹೊಕ್ಕಳು ಜಾರಿದೆ ಅಂತ ಹೊಟ್ಟೆ ತಿಕ್ಕಿಸೋದು. ಮಧ್ಯೆ ಯಾರೋ ಎನಿಮಾ ಕೊಟ್ಟಿರ್ತಾರೆ. ಇದನ್ನ ಮಾಡೋರೆಲ್ಲ ಪ್ರೀತಿಯಿಂದಲೇ ಮಾಡ್ತಾರೆ, ನಂಗೊತ್ತು. ಆದ್ರೆ ಬೀಗ ಬಿದ್ದ ಕರುಳಿಗೆ ಮೇಲಿಂದ ಭೇದಿ ಔಷಧಿ ಕೊಟ್ರೆ ಒತ್ತಡ ಇನ್ನೂ ಏರುತ್ತೆ, ಉಬ್ಬಿ ತೆಳ್ಳಗಾದ ಕರುಳನ್ನ ಹೊರಗಿಂದ ಒತ್ತಿ ತಿಕ್ಕಿದ್ರೆ ಒಡೆಯೋ ಅಪಾಯ. ಹೊಟ್ಟೆ ಉಬ್ಬಿ, ಗಾಳಿ ನಿಂತು, ನೋವಿದೆ ಅಂದ್ರೆ ಬಾಯಿಗೆ ಏನೂ ಕೊಡಬೇಡಿ, 108ಕ್ಕೆ ಫೋನ್ ಮಾಡಿ, ಎಕ್ಸ್‌ರೇ ಮತ್ತೆ ಸರ್ಜನ್ ಇರೋ ಕಡೆ ಹೊರಡಿ. ಜಗಳೂರಿನವರಾಗಲಿ ಮೊಳಕಾಲ್ಮೂರಿನವರಾಗಲಿ, ದಾರಿ ದೂರ ಇರೋರು ಬೆಳಗಾಗ್ಲಿ ನೋಡೋಣ ಅನ್ನೋದು ಬೇಡ.

ಆಸ್ಪತ್ರೆಗೆ ಬಂದ ಮೇಲೆ ನಾವು ಏನು ಮಾಡ್ತೀವಿ ಹೇಳ್ತೀನಿ. ಡ್ರಿಪ್ ಹಾಕ್ತೀವಿ, ಮೂಗಿನಿಂದ ಹೊಟ್ಟೆಗೆ ಒಂದು ಟ್ಯೂಬ್, ಮೂತ್ರಕ್ಕೊಂದು ಪೈಪ್. ಸಂಬಂಧಿಕರು ಇಷ್ಟೊಂದು ಪೈಪ್ ಯಾಕೆ ಅಂತ ಹೆದರ್ತಾರೆ. ಕರುಳೊಳಗೆ ಲೀಟರ್‌ಗಟ್ಟಲೆ ನೀರು ಸೋರಿ ಮೈ ಒಣಗಿರುತ್ತೆ, ಮೂತ್ರ ಎಷ್ಟು ಬರ್ತಿದೆ ಅಂತ ಗೊತ್ತಾದ್ರೇನೇ ಎಷ್ಟು ಡ್ರಿಪ್ ಕೊಡಬೇಕು ಅಂತ ಗೊತ್ತಾಗೋದು. ಬೆರಳು ಹಾಕಿ ಗುದದ್ವಾರ ಪರೀಕ್ಷೆ ಮಾಡ್ತೀವಿ, ಒಳಗೆ ಖಾಲಿ ಇರುತ್ತೆ. ಬೆರಳಿಗೆ ರಕ್ತ ಮೆತ್ತಿದ್ರೆ ಕರುಳು ಸಾಯ್ತಾ ಇರಬಹುದು ಅನ್ನೋ ಅನುಮಾನ ಅಲ್ಲೇ ಶುರು. ಜ್ವರ, ವೇಗವಾದ ನಾಡಿ, ಬಿಟ್ಟು ಬಿಟ್ಟು ಬರ್ತಿದ್ದ ನೋವು ಒಂದೇ ಸಮ ಆಗೋದು, ಹೊಟ್ಟೆ ಹಲಗೆ ಥರ ಗಟ್ಟಿಯಾಗೋದು, ಇವೆಲ್ಲ ಅದೇ ದಿಕ್ಕಿನ ಸೂಚನೆ. ರಕ್ತದಲ್ಲಿ ಬಿಳಿ ಕಣ, ಪೊಟ್ಯಾಶಿಯಂ, ಕ್ರಿಯಾಟಿನಿನ್, ಲ್ಯಾಕ್ಟೇಟ್ ನೋಡ್ತೀವಿ. ಲ್ಯಾಕ್ಟೇಟ್ ಅಂದ್ರೆ ಮೈಯ ಭಾಗಕ್ಕೆ ರಕ್ತ ಸಾಲದಾದಾಗ ಏರೋ ಅಂಶ. ಆದ್ರೆ ಅದು ನಾರ್ಮಲ್ ಬಂತು ಅಂತ ಕರುಳು ಚೆನ್ನಾಗಿದೆ ಅಂದ್ಕೊಳ್ಳೋಕೆ ಆಗಲ್ಲ, ನರ್ಸಿಂಗ್ ಮಕ್ಕಳು ಇದನ್ನ ಬರ್ಕೊಳ್ಳಿ.

ಆಮೇಲೆ ಎಕ್ಸ್‌ರೇ. ಒಂದು ಸಾದಾ ಎಕ್ಸ್‌ರೇ ಸಾಕು, ಬಹಳಷ್ಟು ಜನರಲ್ಲಿ ಕಾಯಿಲೆ ಅಲ್ಲೇ ಕಾಣುತ್ತೆ. ಫಿಲ್ಮ್ ಬೆಳಕಿಗೆ ಹಿಡಿದ್ರೆ ಕೆಳಗೆ ಎಡಗಡೆ ಸೊಂಟದ ಮೂಳೆಯಿಂದ ಎದ್ದ ಒಂದು ದೊಡ್ಡ ಕಪ್ಪು ಗಾಳಿ ಗುಮ್ಮಟ ಬಲಗಡೆ ಪಕ್ಕೆಲುಬಿನ ಕೆಳಗಿನವರೆಗೂ ಹೋಗಿರುತ್ತೆ, ಕಪ್ಪು ಯಾಕಂದ್ರೆ ಗಾಳಿ ಎಕ್ಸ್‌ರೇಯಲ್ಲಿ ಕಪ್ಪಾಗೇ ಕಾಣೋದು. ಆ ಗುಮ್ಮಟದ ಮಧ್ಯೆ ಮೇಲಿಂದ ಕೆಳಗೆ ಒಂದು ಬಿಳಿ ಗೆರೆ. ಅದು ಒಂದಕ್ಕೊಂದು ಒತ್ತಿಕೊಂಡ ಎರಡು ಕರುಳಿನ ಗೋಡೆ. ನಡುವೆ ಸೀಳಿರೋ ಕಾಫಿ ಬೀಜದ ಹಾಗೆ ಕಾಣೋದ್ರಿಂದ ಜಗತ್ತಿನ ಎಲ್ಲ ಕಡೆ ಡಾಕ್ಟ್ರುಗಳು ಇದಕ್ಕೆ ಕಾಫಿ ಬೀನ್ ಸೈನ್ ಅಂತಾರೆ. ಅನುಮಾನ ಇದ್ರೆ ಸಿಟಿ ಸ್ಕ್ಯಾನ್, ಅದರಲ್ಲಿ ರಕ್ತನಾಳಗಳು ಸುಳಿ ಸುತ್ತಿರೋದು ನೇರವಾಗಿ ಕಾಣುತ್ತೆ, ಕರುಳಿನ ಗೋಡೆಗೆ ರಕ್ತ ಬರ್ತಿದೆಯೋ ಇಲ್ವೋ ಅನ್ನೋದೂ ಗೊತ್ತಾಗುತ್ತೆ. ಹಿಂದೆ ಬೇರಿಯಂ ಎನಿಮಾ, ಅಂದ್ರೆ ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣೋ ದ್ರವವನ್ನ ಗುದದ್ವಾರದಿಂದ ಕೊಟ್ಟು ನೋಡ್ತಿದ್ರು, ಈಗ ಕಮ್ಮಿ.

ಇನ್ನು ಚಿಕಿತ್ಸೆ. ಗ್ಯಾಂಗ್ರೀನ್ ಸೂಚನೆ ಇಲ್ಲ ಅಂದ್ರೆ ಮೊದಲು ಹೊಟ್ಟೆ ಕೊಯ್ಯಲ್ಲ. ರೋಗಿಯನ್ನ ಎಡಮಗ್ಗುಲಿಗೆ ಮಲಗಿಸಿ ಗುದದ್ವಾರದಿಂದ ಸ್ಕೋಪ್, ಅಂದ್ರೆ ಕರುಳೊಳಗೆ ನೋಡೋ ಕೊಳವೆ, ಹಾಕ್ತೀವಿ. ಒಳಗೆ ಹೋಗ್ತಾ ಹೋಗ್ತಾ ಒಂದು ಕಡೆ ಕರುಳು ಸುರುಳಿಯಾಗಿ ಮುಚ್ಚಿರೋದು ಕಾಣುತ್ತೆ. ಅಲ್ಲಿ ಒಳಪೊರೆ ಗುಲಾಬಿ ಬಣ್ಣ ಇದ್ರೆ ಮುಂದುವರೀತೀವಿ. ಕಪ್ಪು, ನೇರಳೆ, ರಕ್ತ ಬೆರೆತ ನೀರು ಕಂಡ್ರೆ ಅಲ್ಲಿಗೇ ನಿಲ್ಲಿಸಿ ನೇರ ಆಪರೇಷನ್ ಥಿಯೇಟರ್‌ಗೆ. ಗುಲಾಬಿ ಇದ್ರೆ ಆ ಸುರುಳಿಯನ್ನ ಮೆಲ್ಲಗೆ ದಾಟ್ತೀವಿ, ದಾಟಿದ ಕ್ಷಣ ಒಳಗೆ ಕಟ್ಟಿಕೊಂಡಿದ್ದ ಗಾಳಿ, ನೀರು ಮಲ ಎಲ್ಲ ಬುಸ್ಸಂತ ಹೊರಗೆ ನುಗ್ಗುತ್ತೆ, ನಮ್ಮ ಏಪ್ರನ್ ಪೂರ್ತಿ ಒದ್ದೆ, ರೂಮೆಲ್ಲ ವಾಸನೆ, ಆದ್ರೆ ಆ ಹೊತ್ತಿಗೆ ರೋಗಿಯ ಮುಖ ನೋಡಬೇಕು ನೀವು. ಎರಡು ದಿನದಿಂದ ಉಸಿರು ಬಿಗಿ ಹಿಡಿದಿದ್ದ ಮನುಷ್ಯ "ಅಬ್ಬಾ" ಅಂತ ಕಣ್ಣು ಮುಚ್ತಾನೆ. ಕಣ್ಣೆದುರೇ ಹೊಟ್ಟೆ ಇಳಿಯುತ್ತೆ. ಒಂದು ಮೆತ್ತನೆ ಟ್ಯೂಬ್ ಅಲ್ಲೇ ಬಿಟ್ಟು ಒಂದೆರಡು ದಿನ, ಹೆಚ್ಚಂದ್ರೆ ಮೂರು ದಿನ ಇಡ್ತೀವಿ. ನಾರ್ವೆ ದೇಶದ ಸರ್ಜನ್ ಬ್ರೂಸ್‌ಗಾರ್ಡ್ 1947ರಲ್ಲಿ ಈ ವಿಧಾನದ ಬಗ್ಗೆ ಬರೆದ ಮೇಲೆ ಇದು ಎಲ್ಲ ಕಡೆ ಹರಡಿತು. ಅದಕ್ಕೂ ಮುಂಚೆ ಇಂಥವರಲ್ಲಿ ಹೆಚ್ಚಿನವರಿಗೆ ತುರ್ತಾಗಿ ಹೊಟ್ಟೆ ಕೊಯ್ಯೋದೇ ದಾರಿಯಾಗಿತ್ತು, ಸಾವೂ ಜಾಸ್ತಿ ಇತ್ತು.

ನಾನು ಇವತ್ತು ಇಲ್ಲಿಗೆ ಬಂದಿರೋದೇ ಇಲ್ಲಿಂದ ಮುಂದಿನ ಮಾತು ಹೇಳೋಕೆ. ಟ್ಯೂಬ್ ಹಾಕಿದ ಮಾರನೇ ದಿನ ರೋಗಿ ಎದ್ದು ಕೂತಿರ್ತಾರೆ. ಹೊಟ್ಟೆ ಮೆತ್ತಗಿದೆ, ನೋವಿಲ್ಲ, ಹಸಿವಾಗ್ತಿದೆ. ರೌಂಡ್ಸಿಗೆ ಹೋದ್ರೆ "ಸಾರ್, ನಂಗೀಗ ಏನೂ ಇಲ್ಲ, ಮೆಕ್ಕೆಜೋಳ ಮುರಿಯಾಕೆ ಬಂದೈತೆ, ಆಳು ಸಿಗಲ್ಲ, ಮನೀಗೆ ಕಳಿಸ್ರಿ, ಆಪರೇಷನ್ನು ಬ್ಯಾಸಿಗೇಲಿ ನೋಡಾಣ" ಅಂತಾರೆ. ಹೆಂಡತಿ ಚೀಲ ಕಟ್ಕೊಂಡು ರೆಡಿ. ಮಗ ಮಾತ್ರ ಬಾಗಿಲ ಹತ್ರ ನಿಂತು ನನ್ನ ಮುಖ ನೋಡ್ತಾನೆ. ಸುತ್ತು ಬಿಚ್ಚಿದೆ ನಿಜ, ಆದ್ರೆ ಆ ಉದ್ದ ಕರುಳು ಹಾಗೇ ಇದೆ, ಆ ಇಕ್ಕಟ್ಟಿನ ಬುಡ ಹಾಗೇ ಇದೆ. ಬರೀ ಟ್ಯೂಬ್ ಹಾಕಿಸ್ಕೊಂಡು ಹೋದವರಲ್ಲಿ ಅರ್ಧದಷ್ಟು ಜನರಿಗೆ, ಕೆಲವು ವರದಿಗಳಲ್ಲಿ ಅದಕ್ಕೂ ಹೆಚ್ಚು ಜನರಿಗೆ, ಮತ್ತೆ ತಿರುಚಿಕೊಳ್ಳುತ್ತೆ. ಎರಡನೇ ಸಲ ತಿರುಚಿದಾಗ ಅದು ಟೈಮ್ ಕೊಡುತ್ತೆ ಅನ್ನೋಕೆ ಯಾವ ಗ್ಯಾರಂಟಿಯೂ ಇಲ್ಲ. ಮೆಕ್ಕೆಜೋಳ ಮುರಿಯೋಕೆ ಹೋದೋರು ಬೇಸಿಗೆಗೂ ಮುಂಚೆ ರಾತ್ರೋರಾತ್ರಿ ಆಂಬ್ಯುಲೆನ್ಸಲ್ಲಿ ವಾಪಸ್ ಬಂದಿದಾರೆ, ಗ್ಯಾಂಗ್ರೀನ್ ಆಗಿ. ಮೊದಲನೇ ಸಲ ಮಾಡಿದ್ರೆ ಸಲೀಸಾಗಿ ಮುಗಿಯೋ ಆಪರೇಷನ್ನು ಆ ರಾತ್ರಿ ಜೀವನ್ಮರಣದ ಪ್ರಶ್ನೆ ಆಗುತ್ತೆ. ಅದಕ್ಕೇ ಟ್ಯೂಬ್ ಇಂದ ಸಿಕ್ಕ ಈ ಎರಡು ಮೂರು ದಿನಾನ ಆಪರೇಷನ್‌ಗೆ ತಯಾರಿ ಮಾಡ್ಕೊಳ್ಳೋಕೆ ಬಳಸಬೇಕು, ಶುಗರ್ ಬಿಪಿ ಸರಿ ಮಾಡಿ, ರಕ್ತ ಕಮ್ಮಿ ಇದ್ರೆ ಕೊಟ್ಟು, ಕರುಳು ಖಾಲಿ ಮಾಡಿ, ಅದೇ ಸಲ ಆಸ್ಪತ್ರೆಯಲ್ಲಿರೋವಾಗಲೇ ಮುಗಿಸ್ಕೊಂಡು ಹೋಗಬೇಕು.

ಆಪರೇಷನ್ ಅಂದ್ರೆ ಆ ಉದ್ದದ ಬಳುಕನ್ನ ಪೂರ್ತಿ ತೆಗೆದು, ಎರಡೂ ತುದಿ ಸೇರಿಸಿ ಹೊಲಿಯೋದು, ಅಥವಾ ಸ್ಟೇಪ್ಲರ್ ಹಾಕೋದು. ಅನುಕೂಲ ಇರೋ ಕಡೆ ಲ್ಯಾಪ್ರೋಸ್ಕೋಪಿಯಲ್ಲೂ, ಅಂದ್ರೆ ಸಣ್ಣ ತೂತುಗಳ ಮೂಲಕವೂ ಮಾಡ್ತಾರೆ. ತಯಾರಿ ಮಾಡ್ಕೊಂಡು ಮಾಡಿದಾಗ ಸಾಮಾನ್ಯವಾಗಿ ಹೊಟ್ಟೆ ಮೇಲೆ ಮಲ ತುಂಬೋ ಚೀಲ ಬೇಕಾಗಲ್ಲ. ಸುಮಾರು ಒಂದು ವಾರಕ್ಕೆ ಮನೆಗೆ. ಕರುಳು ತೆಗೀದೆ ಬರೀ ಗೋಡೆಗೆ ಹೊಲಿದು ಬಿಡಿ ಅಂತ ಕೆಲವರು ಕೇಳ್ತಾರೆ, ಹಾಗೆ ಹೊಲಿದಿದ್ದು ಸಡಿಲಾಗಿ ಮತ್ತೆ ತಿರುಚೋದು ಜಾಸ್ತಿ, ನಾನಂತೂ ಅದನ್ನ ಒಪ್ಪಲ್ಲ.

ತಡವಾಗಿ ಬಂದವರ ಹೊಟ್ಟೆ ತೆಗೆದಾಗ ಹೇಗಿರುತ್ತೆ ಅಂತಾನೂ ಹೇಳಬೇಕು. ಚರ್ಮ, ಮಾಂಸ ದಾಟಿ ಒಳಪದರ ಬಿಡಿಸಿದ ತಕ್ಷಣ ತೊಡೆ ಗಾತ್ರಕ್ಕೆ ಊದಿದ ಕರುಳು ತಾನೇ ಹೊರಗೆ ಉಕ್ಕುತ್ತೆ. ಆರೋಗ್ಯವಾಗಿರೋ ಕರುಳು ಹೊಳೆಯುತ್ತೆ, ಮುಟ್ಟಿದ್ರೆ ಮುದುಡುತ್ತೆ, ಪರದೆಯಲ್ಲಿ ನಾಡಿ ಬೆರಳಿಗೆ ಸಿಗುತ್ತೆ. ಸತ್ತ ಕರುಳು ಮಂಕಾಗಿರುತ್ತೆ, ಕಪ್ಪು ಇಲ್ಲಾ ಹಸಿರು ಮಿಶ್ರಿತ ಬೂದು, ಮುಟ್ಟಿದ್ರೆ ಅಲ್ಲಾಡಲ್ಲ. ಎರಡರ ಮಧ್ಯೆ ಅನುಮಾನದ ಬಣ್ಣ ಇದ್ರೆ, ಸುತ್ತು ಬಿಚ್ಚಿ, ಬಿಸಿ ಸಲೈನ್‌ನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಅರಿವಳಿಕೆ ಡಾಕ್ಟರಿಗೆ ಆಕ್ಸಿಜನ್ ಜಾಸ್ತಿ ಮಾಡೋಕೆ ಹೇಳಿ ಕಾಯ್ತೀವಿ. ಥಿಯೇಟರ್‌ನಲ್ಲಿ ಆಗ ಯಾರೂ ಮಾತಾಡಲ್ಲ. ಬಟ್ಟೆ ತೆಗೆದಾಗ ಬಣ್ಣ ತಿರುಗಿದ್ರೆ ಆ ಕರುಳು ಉಳೀತು. ಆದ್ರೆ ಕಣ್ಣಿಗೇ ಗೊತ್ತಾಗೋ ಹಾಗೆ ಸತ್ತಿದ್ರೆ ಸುತ್ತು ಬಿಚ್ಚೋಕೆ ಹೋಗಲ್ಲ. ಕೇಳಿದವರಿಗೆ ಆಶ್ಚರ್ಯ ಆಗುತ್ತೆ. ಸತ್ತ ಕರುಳಲ್ಲಿ ಕಟ್ಟಿಕೊಂಡಿರೋ ವಿಷ, ಬ್ಯಾಕ್ಟೀರಿಯಾ, ಪೊಟ್ಯಾಶಿಯಂ ಎಲ್ಲ ಸುತ್ತು ಬಿಚ್ಚಿದ ಕೂಡಲೇ ಮೈಯೆಲ್ಲ ಹರಡಿ ಬಿಪಿ ಕುಸಿಯಬಹುದು, ಅದಕ್ಕೆ ಮೊದಲು ಬುಡದ ರಕ್ತನಾಳಕ್ಕೆ ಕ್ಲ್ಯಾಂಪ್ ಹಾಕಿ, ತಿರುಚಿದ ಹಾಗೇ ಇಡೀ ಭಾಗ ಕತ್ತರಿಸಿ ತೆಗೀತೀವಿ. ಆಮೇಲೆ ರೋಗಿ ಸ್ಥಿತಿ ಚೆನ್ನಾಗಿಲ್ಲ ಅಂದ್ರೆ ಜೋಡಿಸೋ ಸಾಹಸ ಮಾಡಲ್ಲ, ಕೆಳತುದಿ ಮುಚ್ಚಿ ಮೇಲ್ತುದಿಯನ್ನ ಹೊಟ್ಟೆ ಮೇಲೆ ತಂದು ಚೀಲ ಹಾಕ್ತೀವಿ. ಫ್ರಾನ್ಸಿನ ಹಾರ್ಟ್‌ಮನ್ ಅನ್ನೋ ಸರ್ಜನ್ 1921ರಲ್ಲಿ ಕ್ಯಾನ್ಸರ್‌ಗೆ ಅಂತ ವಿವರಿಸಿದ ಆಪರೇಷನ್ ಇದು, ಇವತ್ತಿಗೂ ಇಂಥ ರಾತ್ರಿಗಳಲ್ಲಿ ಜೀವ ಉಳಿಸ್ತಿದೆ.

ದೊಡ್ಡ ಕರುಳು ಶುರುವಾಗೋ ಜಾಗ, ಸೀಕಮ್, ಅದೂ ತಿರುಚಬಹುದು. ಅಲ್ಲಿ ಸ್ಕೋಪ್ ಅಷ್ಟಾಗಿ ಕೆಲಸ ಮಾಡಲ್ಲ, ನೇರ ಆಪರೇಷನ್ ಮಾಡಿ ಆ ಬಲಭಾಗ ತೆಗೀಬೇಕಾಗುತ್ತೆ.

ಗರ್ಭಿಣಿಯರ ವಿಷಯ. ತುಂಬು ಗರ್ಭದಲ್ಲಿ ದೊಡ್ಡದಾದ ಗರ್ಭಕೋಶ ಉದ್ದದ ಸಿಗ್ಮಾಯ್ಡನ್ನ ಮೇಲಕ್ಕೆ ತಳ್ಳಿ ತಿರುಚಬಹುದು. ಅಪರೂಪ, ಆದ್ರೆ ಗರ್ಭಿಣಿಯರಲ್ಲಿ ಕರುಳು ಕಟ್ಟೋದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ನೋವು ಬಂತು ಅಂದ್ರೆ ಹೆರಿಗೆ ನೋವು ಅಂತಾರೆ, ಹೊಟ್ಟೆ ದೊಡ್ಡದಾಗಿದೆ ಅಂದ್ರೆ ಹೇಗೂ ಬಸುರಿ ಅಂತಾರೆ, ಅಲ್ಲೇ ತಪ್ಪೋದು. ಗಾಳಿ ಹೋಗ್ತಿದೆಯಾ ಅನ್ನೋ ಪ್ರಶ್ನೆ ಅವರಿಗೂ ಕೇಳಿ. ಮಗೂಗೆ ತೊಂದರೆ ಆಗುತ್ತೆ ಅಂತ ಒಂದು ಎಕ್ಸ್‌ರೇಗೆ ಹೆದರಿ ತಡ ಮಾಡಿದ್ರೆ ತಾಯಿ ಮಗು ಇಬ್ಬರಿಗೂ ಅಪಾಯ.

ಇನ್ನು ಹಸುಗೂಸುಗಳು. ತಾಯಿ ಹೊಟ್ಟೆಯಲ್ಲಿ ಆರನೇ ವಾರದ ಸುಮಾರಿಗೆ ಭ್ರೂಣದ ಕರುಳು ಹೊಕ್ಕಳುಬಳ್ಳಿಯೊಳಕ್ಕೆ ಹೊರಬಂದು, ತಿರುಗ್ತಾ ತಿರುಗ್ತಾ ಹತ್ತನೇ ವಾರದ ಹೊತ್ತಿಗೆ ಒಳಗೆ ಸೇರುತ್ತೆ. ಒಟ್ಟು 270 ಡಿಗ್ರಿ, ಗಡಿಯಾರದ ವಿರುದ್ಧ ದಿಕ್ಕಿಗೆ. ಈ ತಿರುಗಾಟ ಸರಿಯಾಗಿ ಆಗದಿದ್ರೆ ಇಡೀ ಸಣ್ಣ ಕರುಳು ಒಂದು ಇಕ್ಕಟ್ಟಾದ ಬುಡದ ಮೇಲೆ ನೇತಾಡುತ್ತೆ, ಹುಟ್ಟಿದ ಮೊದಲ ತಿಂಗಳಲ್ಲೇ ತಿರುಚೋ ಸಾಧ್ಯತೆ ಜಾಸ್ತಿ. ಮಗು ಚೆನ್ನಾಗೇ ಹುಟ್ಟಿರುತ್ತೆ, ಹಾಲು ಕುಡೀತಿರುತ್ತೆ, ಇದ್ದಕ್ಕಿದ್ದ ಹಾಗೆ ಹಸಿರು ವಾಂತಿ ಮಾಡುತ್ತೆ. ಹೊಟ್ಟೆ ಮೊದಮೊದಲು ಉಬ್ಬಿರೋದೂ ಇಲ್ಲ. ಕಕ್ಕಿದ ಹಾಲು ಬಿಳಿ ಇದ್ರೆ ಬಹಳ ಸಲ ಏನೂ ಅಲ್ಲ. ಸೊಪ್ಪಿನ ರಸದಷ್ಟು ಹಸಿರು ಬಂತು ಅಂದ್ರೆ ಅದು ಪಿತ್ತ, ಬೇರೇನೋ ಕಾರಣ ಅಂತ ಪರೀಕ್ಷೆ ಮಾಡಿ ತೋರಿಸೋವರೆಗೂ ಕರುಳು ತಿರುಚಿದೆ ಅಂತಲೇ ಲೆಕ್ಕ. ವಾಂತಿ ಮೆತ್ತಿದ ಬಟ್ಟೆ ಒಗೀಬೇಡಿ, ಮಡಚಿ ತಗೊಂಡು ಬನ್ನಿ, ಬಣ್ಣ ನೋಡಿದ್ರೆ ನಮಗೆ ಅರ್ಧ ಕೆಲಸ ಆದಂಗೆ.

ಮಗೂಗೆ ಅಲ್ಟ್ರಾಸೌಂಡ್‌ನಲ್ಲಿ ರಕ್ತನಾಳ ಸುಳಿ ಸುತ್ತಿರೋದು ಕಾಣುತ್ತೆ, ಸ್ಥಿತಿ ಚೆನ್ನಾಗಿದ್ರೆ ಬಾಯಿಂದ ಡೈ ಕೊಟ್ಟು ಎಕ್ಸ್‌ರೇ ತೆಗೀತಾರೆ. ಆಪರೇಷನ್ ಬಾಸ್ಟನ್‌ನ ವಿಲಿಯಂ ಲ್ಯಾಡ್ 1936ರಲ್ಲಿ ವಿವರಿಸಿದ್ದು: ತಿರುಚು ಸಾಮಾನ್ಯವಾಗಿ ಗಡಿಯಾರದ ದಿಕ್ಕಿಗೆ ಆಗಿರುತ್ತೆ, ಹಾಗಾಗಿ ಉಲ್ಟಾ ಬಿಚ್ಚಬೇಕು, ಅಡ್ಡ ಕಟ್ಟಿರೋ ಪಟ್ಟಿಗಳನ್ನ ಕತ್ತರಿಸಬೇಕು, ಪರದೆಯ ಬುಡ ಅಗಲ ಮಾಡಬೇಕು, ಸಣ್ಣ ಕರುಳು ಬಲಕ್ಕೆ, ದೊಡ್ಡ ಕರುಳು ಎಡಕ್ಕೆ ಇಡಬೇಕು, ಅಪೆಂಡಿಕ್ಸ್ ತೆಗೀಬೇಕು. ಅಪೆಂಡಿಕ್ಸ್ ಯಾಕೆ ಅಂದ್ರೆ ಅದು ಇನ್ಮೇಲೆ ಎಡಗಡೆ ಇರುತ್ತೆ, ಮುಂದೆ ದೊಡ್ಡವನಾದಾಗ ಅದಕ್ಕೆ ಸೋಂಕಾದ್ರೆ ಡಾಕ್ಟ್ರಿಗೆ ಗೊತ್ತೇ ಆಗಲ್ಲ. ಬೇಗ ಬಂದ ಮಗು ಎಲ್ಲ ಮಕ್ಕಳ ಹಾಗೇ ಬೆಳೆಯುತ್ತೆ. ತಡವಾಗಿ ಬಂದು ಸಣ್ಣ ಕರುಳೆಲ್ಲ ಸತ್ತಿದ್ರೆ ನಮ್ಮ ಕೈಯಲ್ಲಿ ಮಾಡೋಕೆ ಉಳಿಯೋದು ಬಹಳ ಕಮ್ಮಿ. ಇದನ್ನ ಹೇಳುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತೆ.

ಪ್ರಶ್ನೆಗಳು ಸುಮಾರು ಬಂದ್ವು. ಹೊನ್ನಾಳಿ ಕಡೆಯ ಒಬ್ಬ ತಮ್ಮ "ನಮ್ಮಪ್ಪಂಗೆ ವಯಸ್ಸು ಎಂಬತ್ತರ ಮೇಲಾಗೈತೆ, ಟ್ಯೂಬ್ ಹಾಕಿ ಸರಿಯಾಗೈತೆ, ಈ ವಯಸ್ಸಲ್ಲಿ ಆಪರೇಷನ್ ಬೇಕಾ" ಅಂತ ಕೇಳಿದ. ವಯಸ್ಸೊಂದನ್ನೇ ನೋಡಿ ಬೇಡ ಅನ್ನಲ್ಲ ಕಣಪ್ಪ. ಹೃದಯ, ಶ್ವಾಸಕೋಶ ತಡ್ಕೊಳ್ಳುತ್ತೆ ಅಂದ್ರೆ ಈಗ ನೆಮ್ಮದಿಯಾಗಿ ಮಾಡಿಸೋದೇ ವಾಸಿ, ಅದೇ ಅಪ್ಪನಿಗೆ ಮುಂದೆ ಗ್ಯಾಂಗ್ರೀನ್ ಆಗಿ ಅರ್ಧರಾತ್ರಿ ಮಾಡಬೇಕಾದ್ರೆ ಅಪಾಯ ಎಷ್ಟೋ ಪಟ್ಟು. ನಿಜವಾಗ್ಲೂ ತಡ್ಕೊಳ್ಳಲ್ಲ ಅನ್ನೋರಿಗೆ ಮಾತ್ರ ಆಪರೇಷನ್ ಬಿಟ್ಟು, ಮಲ ಕಟ್ಟದ ಹಾಗೆ ನೋಡ್ಕೊಂಡು, ಉಬ್ಬಿದ ದಿನವೇ ಓಡಿಬನ್ನಿ ಅಂತ ಹೇಳಿ ಕಳಿಸ್ತೀವಿ.

ದುಡ್ಡಿನ ಬಗ್ಗೆ ಕೇಳಿದ್ರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ರೇಷನ್ ಕಾರ್ಡ್, ಆಧಾರ್ ಜೊತೆಗಿಟ್ಕೊಂಡು ಬನ್ನಿ, ಆದ್ರೆ ಕಾರ್ಡ್ ಹುಡುಕ್ತಾ ಮನೇಲಿ ಕೂರಬೇಡಿ, ಹಿಂದಿನಿಂದ ಯಾರಾದ್ರೂ ತರ್ತಾರೆ.

ಚೀಲದ ಬಗ್ಗೆ ಒಬ್ಬ ತಾಯಿ ಎಲ್ಲರೆದುರು ಕೇಳೋಕೆ ಸಂಕೋಚಪಟ್ಟು ಕೊನೆಗೆ ಬಂದು ಕೇಳಿದ್ರು, ಯಜಮಾನ್ರು ಮನೆಯಿಂದ ಹೊರಗೇ ಬರ್ತಿಲ್ವಂತೆ. ಹೆಚ್ಚಿನವರಿಗೆ ಇದು ಶಾಶ್ವತ ಅಲ್ಲಮ್ಮ, ಮೂರು ತಿಂಗಳೋ ಆರು ತಿಂಗಳೋ ಕಳೆದು ಮೈ ಸುಧಾರಿಸಿದ ಮೇಲೆ ಇನ್ನೊಂದು ಆಪರೇಷನ್ ಮಾಡಿ ಕರುಳನ್ನ ವಾಪಸ್ ಜೋಡಿಸ್ತಾರೆ. ಅಲ್ಲಿವರೆಗೂ ಸ್ನಾನ ಮಾಡಬಹುದು, ಬಸ್ಸಲ್ಲಿ ಓಡಾಡಬಹುದು, ಮದುವೆ ಮನೆಗೂ ಹೋಗಬಹುದು. ಮೂರನೇ ಒಂದರಷ್ಟು ತುಂಬಿದಾಗಲೇ ಖಾಲಿ ಮಾಡಿದ್ರೆ ಸೋರಲ್ಲ. ಸುತ್ತಲಿನ ಚರ್ಮ ಕೆಂಪಾದ್ರೆ ಚೀಲದ ತೂತು ಸರಿಯಾದ ಅಳತೆಗೆ ಕತ್ತರಿಸಿಲ್ಲ ಅಂತ, ನರ್ಸ್ ಹತ್ರ ಒಂದ್ಸಲ ತೋರಿಸಿ ಕಲಿತುಬಿಡಿ.

ಕೊನೆಗೆ ಒಬ್ಬ ಆಶಾ ಅಕ್ಕ, ಫೋನ್ ಮಾಡಿದಾಗ ಡಾಕ್ಟ್ರಿಗೆ ಏನು ಹೇಳಬೇಕು ಅಂದ್ರು. ಗಾಳಿ ಕೊನೇ ಸಲ ಯಾವಾಗ ಹೋಯ್ತು, ಹೊಟ್ಟೆ ಯಾವಾಗಿಂದ ಉಬ್ಬಿದೆ, ನೋವು ಬಿಟ್ಟು ಬಿಟ್ಟು ಬರ್ತಿದೆಯಾ ಒಂದೇ ಸಮ ಇದೆಯಾ, ಹಿಂದೆ ಯಾವಾಗಾದ್ರೂ ಹೀಗೇ ಆಗಿ ಟ್ಯೂಬ್ ಹಾಕಿಸ್ಕೊಂಡಿದ್ರಾ, ಇಷ್ಟು ಹೇಳಿ. ಹಳೇ ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ ಕವರ್ ಇದ್ರೆ ರೋಗಿ ಜೊತೆ ಆಂಬ್ಯುಲೆನ್ಸಲ್ಲೇ ಕಳಿಸಿ.